ಚೆಲುವಜ್ಜಿಯ ಎರಡನೇ ಕದ

ಏಳು ಕೆರೆಗಳಾಚೆ, ಎಂಟು ಬೆಟ್ಟಗಳೀಚೆ ತಾರಾವತಿ ಎಂಬ ರಾಜ್ಯವಿತ್ತು. ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಅರಮನೆಯಿಂದ ಗುಡಿಸಲಿನವರೆಗೆ ಎಲ್ಲರೂ ಹಿತ್ತಲ ಬಾಗಿಲು ಮುಚ್ಚಿ ಮುಂಬಾಗಿಲು ತೆರೆದಿಡುತ್ತಿದ್ದರು. ದೇವರು ಯಾವತ್ತಾದರೂ ಒಂದು ಸಂಜೆ ಬಂದೇ ಬರುತ್ತಾನೆ ಎಂಬ ನಂಬಿಕೆ.

ಆ ರಾಜ್ಯದ ಮೇಲೆ ಕಾಳಜಂಘನೆಂಬ ಮಾಂತ್ರಿಕನ ಕಣ್ಣು ಬಿತ್ತು. ದೀಪದ ಹೊತ್ತಿನಲ್ಲಿ ಮುಂಬಾಗಿಲು ಮುಚ್ಚಿದವರು ಕಲ್ಲಾಗಲಿ ಎಂದು ಮಾಟ ಮಾಡಿ, ಹೆದರಿಸಲು ಮಾಯಾಮೃಗಗಳನ್ನು ಬಿಟ್ಟ. ಮೊದಲು ಅಗುಳಿ ಹಾಕಿಕೊಂಡವನು ರಾಜನೇ. ಯಥಾ ರಾಜಾ ತಥಾ ಪ್ರಜಾ! ಊರಿಗೆ ಊರೇ ಕಲ್ಲಾಯಿತು. ಉಳಿದದ್ದು ಎಂಬತ್ತರ ಚೆಲುವಜ್ಜಿಯ ಬಾಗಿಲೊಂದೇ. ಅದೂ ಮುಚ್ಚಿದರೆ ಕಲ್ಲಾದವರು ಎಂದೆಂದಿಗೂ ಕಲ್ಲೇ. ಅವರಲ್ಲಿ ಎದುರುಮನೆಯಲ್ಲಿದ್ದ ಅಜ್ಜಿಯ ತಂಗಿ ದ್ಯಾವಮ್ಮನೂ ಇದ್ದಳು.

ಮೊದಲ ಸಂಜೆ ಬೆಂಕಿಯ ಹುಲಿ ಬಂತು. ಅಜ್ಜಿ ಹೊಸ್ತಿಲಿಗೆ ಬಂದು ನಿಂತಳು.

"ಬಾರಪ್ಪ ಹುಲಿರಾಯ, ತಿನ್ನೋಕೆ ನನ್ನ ಮೈಯಲ್ಲಿ ಮೂಳೆ ಬಿಟ್ಟರೆ ಏನೂ ಇಲ್ಲ," ಎಂದಳು. ಬಾಗಿಲು ಮಾತ್ರ ಮುಚ್ಚಲಿಲ್ಲ. ಹುಲಿ ಹೊಗೆಯಾಗಿ ಹೋಯಿತು.

ಎರಡನೆಯ ಸಂಜೆ ಏಳು ಹೆಡೆಯ ಹಾವು ಬಂದು ದ್ಯಾವಮ್ಮನ ದನಿಯಲ್ಲಿ ಅತ್ತಿತು: "ಅಕ್ಕಾ, ಬಾಗಿಲು ಹಾಕೇ, ನನಗೆ ಬಿಡುಗಡೆ ಆಗ್ತದೆ."

"ನನ್ನ ತಂಗಿ ಹೆದರಿ ತನ್ನ ಬಾಗಿಲು ಹಾಕಿಕೊಂಡಾಳು, ನನಗೆ ಹಾಕು ಅನ್ನೋಳಲ್ಲ," ಎಂದು ಅಜ್ಜಿ ಕಣ್ಣೊರೆಸಿಕೊಂಡಳು. ಹಾವೂ ಹೊಗೆಯಾಯಿತು.

ಮೂರನೆಯ ಸಂಜೆ ಕಾಳಜಂಘನೇ ನಗುತ್ತ ಬಂದು ಹೊಸ್ತಿಲಾಚೆ ನಿಂತ.

"ಅಜ್ಜೀ, ಇಷ್ಟು ವರ್ಷ ತೆರೆದಿಟ್ಟೆಯಲ್ಲ, ಒಂದು ದಿನವಾದರೂ ಬಂದನಾ ನಿನ್ನ ದೇವರು?"

"ಇಲ್ಲಪ್ಪ."

"ಬರಲ್ಲ ಅಂತ ನಿನಗೂ ಗೊತ್ತು. ಇಲ್ಲದಿದ್ದರೆ ಎರಡು ಕದದ ಬಾಗಿಲಲ್ಲಿ ಒಂದೇ ಯಾಕೆ ತೆರೀತೀಯಾ?"

ಅಜ್ಜಿ ಮುಚ್ಚಿದ ಕದದ ಕಡೆ ತಿರುಗಿ ನೋಡಿದಳು. ಮಾತು ಸುಳ್ಳಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಎರಡೂ ಕದ ತೆರೆದು ಬೀದಿಗೆ ಕತ್ತು ಚಾಚಿ ಕಾಯುತ್ತಿದ್ದಳು. ಸೊಂಟ ಹಿಡಿದ ಮೇಲೆ ಒಂದೇ ಸಾಕೆನಿಸಿತು. ಆಮೇಲೆ ಕಾಯುವುದೂ ಮರೆತು, ತೆರೆಯುವುದಷ್ಟೇ ರೂಢಿಯಾಯಿತು. ಎರಡನೇ ಕದಕ್ಕೆ ಜೇಡ ಬಲೆ ಕಟ್ಟಿತ್ತು. ನಾಚಿಕೆಯಿಂದ ಅವಳಿಗೆ ಅಳುವೇ ಬಂತು. ಕೈ ತೆರೆದ ಕದದ ಕಡೆಗೇ ಹೋಯಿತು, ಮುಚ್ಚಿಬಿಡೋಣವೆಂದು.

ಮುಟ್ಟಿದವಳು ಕೈ ಹಿಂತೆಗೆದಳು. "ನೀನು ಹೇಳಿದ್ದು ನಿಜ ಕಣಪ್ಪ. ಹೇಳಿ ಒಳ್ಳೇದು ಮಾಡಿದೆ."

ಹಾಗೆಂದವಳೇ ಎರಡನೇ ಕದದ ತುಕ್ಕು ಹಿಡಿದ ಚಿಲಕ ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಮೂರನೆಯ ಸಲ ಕದ ಕಿರ್ರೆಂದು ಪೂರಾ ತೆರೆಯಿತು.

ಆಗ ಬೆಳಕು ಬಂತು. ಅದಕ್ಕೆ ಮುಖವಿರಲಿಲ್ಲ, ಕಾಲಿರಲಿಲ್ಲ. ಎರಡು ಕದಗಳ ಅಗಲಕ್ಕೂ ತುಂಬಿ ಹೊಸ್ತಿಲು ದಾಟಿತು. ಅಡ್ಡ ನಿಂತಿದ್ದ ಕಾಳಜಂಘ ಒಂದು ಹಿಡಿ ಮಸಿಯಾಗಿ ಉದುರಿದ. ಬೆಳಕು ನಡುಮನೆಯಲ್ಲಿ ಒಂದು ಗಳಿಗೆ ನಿಂತಿತು. ಅಜ್ಜಿ ಕೈಮುಗಿಯುವುದನ್ನೂ ಮರೆತು ಮಗುವಿನಂತೆ ಬಾಯಿ ತೆರೆದು ನೋಡಿದಳು. ನಾಡಿನ ಅಗುಳಿಗಳೆಲ್ಲ ತಾವೇ ಕಳಚಿಬಿದ್ದವು, ಕಲ್ಲುಗಳು ಉಸಿರಾಡಿದವು. ಅಂದಿನಿಂದ ತಾರಾವತಿಯಲ್ಲಿ ರಾಜನೂ ಪ್ರಜೆಯೂ ಸುಖವಾಗಿ ಬಾಳಿದರು.

ಆ ಸಂಜೆಯೇ ದ್ಯಾವಮ್ಮ ಓಡಿಬಂದು ಅಕ್ಕನನ್ನು ತಬ್ಬಿಕೊಂಡಳು.

"ಬಂದಿದ್ದನೇನೇ ಅಕ್ಕಾ?"

"ಬಂದಿದ್ದ ಕಣೇ! ನಿಂತುಕೊಂಡೇ ಹೋಗಿಬಿಟ್ಟ," ಎಂದಳು ಚೆಲುವಜ್ಜಿ. "ನಾಳೆ ಮರೀದೆ ಮಣೆ ಹಾಕಿಡಬೇಕು."