ಪಾಪ ಅಂದದ್ದಕ್ಕೆ

"ಅಯ್ಯೋ... ಪಾಪ!"

ಮುಕ್ತಾಳ ಬಾಯಿಂದ ಆ ಮಾತು ಬಿದ್ದದ್ದೇ ತಡ, ರಘುಪತಿ ಎದ್ದುಬಿಟ್ಟ. ಚಹಾದ ಮಣ್ಣಿನ ಲೋಟ ಮೇಜಿನ ಮೇಲೆ ಹಾಗೇ ಉಳಿಯಿತು. ಅವನು ಹೊರನಡೆದ.

ಬಂಗಾಳದ ಡಮ್ ಡಮ್‌ನ ಆ ಫ್ಯಾನ್ ಕಾರ್ಖಾನೆಗೆ ಅವಳು ಟೈಪಿಸ್ಟಾಗಿ ಸೇರಿ ನಾಲ್ಕು ತಿಂಗಳಾಗಿತ್ತು. ಎಪ್ಪತ್ತೊಂದರ ಯುದ್ಧದಲ್ಲಿ ವೀರ ಚಕ್ರ ಪಡೆದ ಕ್ಯಾಪ್ಟನ್ ರಘುಪತಿ, ಅಪ್ಪ ಹಾಸಿಗೆ ಹಿಡಿದ ಮೇಲೆ ಸೈನ್ಯ ಬಿಟ್ಟು ಬಂದು ಈ ಕಾರ್ಖಾನೆ ನಡೆಸುತ್ತಿದ್ದ. ಕೆಂಪು ಬಾವುಟ ಹಿಡಿದು ಮೆರವಣಿಗೆಗೆ ಹೊರಟ ಕೆಲಸಗಾರರಿಗೂ "ಛತ್ರಿ ತಗೊಂಡು ಹೋಗಿ" ಎನ್ನುವ ಮಾಲೀಕ! ಮುಕ್ತಾ ಮನಸ್ಸು ಕೊಡದೆ ಇರುವುದಾದರೂ ಹೇಗೆ?

ಅಂದು ಚಹಾ ಕುಡಿಯುತ್ತ ಮೊದಲ ಬಾರಿಗೆ ಅವನು ಮನಬಿಚ್ಚಿದ್ದ. ಬಂಕರಿನಲ್ಲಿ ಎದುರಾದ ಶತ್ರು ಸೈನಿಕನಿಗೆ ಮೀಸೆಯೂ ಸರಿಯಾಗಿ ಮೂಡಿರಲಿಲ್ಲವಂತೆ. ಇವನ ಗುಂಡು ಮೊದಲು ಹಾರಿತ್ತು.

ಮರುದಿನ ಅವಳ ಮೇಜಿನ ಮೇಲೊಂದು ಚೀಟಿ. 'ಸೋಮವಾರದಿಂದ ಧರ್ಮತಲಾದ ಷೋರೂಮಿಗೆ ಹೋಗಿ.'

ಇನ್ನು ಇವರ ಮುಖವನ್ನೂ ನೋಡುವ ಹಾಗಿಲ್ಲವೇ? ಲೋಡ್‌ಶೆಡ್ಡಿಂಗ್ ಆಗಿ ಯಂತ್ರಗಳೆಲ್ಲ ನಿಂತಾಗ ಅವಳು ಧೈರ್ಯ ಮಾಡಿ ಒಳಗೆ ಹೋದಳು.

"ನಾನೇನು ತಪ್ಪು ಮಾಡ್ದೆ, ಸರ್?"

"ತಪ್ಪು ನಿಮ್ದಲ್ಲ. ಎಲ್ರೂ ಶಾಬಾಶ್ ಅಂದ್ರು. ನೀವೊಬ್ರೇ ನಿಜ ಹೇಳಿದ್ದು... ಪಾಪ ಅಂತ. ದಿನಾ ನಿಮ್ಮೆದುರು ಕೂರೋಕೆ ನನ್ನಿಂದ ಆಗಲ್ಲ."

ಮುಕ್ತಾ ದಂಗಾದಳು. ಕನ್ನಡದವನೇ ಆದರೂ ಐದು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡು ಬಂಗಾಳಿ ಅಡುಗೆಯವಳ ಕೈಯಲ್ಲಿ ಬೆಳೆದವನು. ಅವನಿಗೆ ಗೊತ್ತಿದ್ದದ್ದು ಬಂಗಾಳಿಯ ಒಂದೇ ಪಾಪ, ನರಕಕ್ಕೆ ಕಳಿಸುವ ಪಾಪ!

"ಅಯ್ಯೋ ದೇವ್ರೇ! ನಮ್ಮ ಕನ್ನಡದಲ್ಲಿ ಮಗು ಎಡವಿ ಬಿದ್ರೂ ಪಾಪ ಅಂತೀವಿ, ಸರ್. ನೊಂದವರನ್ನ ಕಂಡು ಕರುಳು ಚುರ್ ಅಂದ್ರೆ ಬರೋ ಮಾತು ಅದು. ನಾನಂದಿದ್ದು ನಿಮಗೆ... ನಿಮ್ಮ ಸಂಕಟಕ್ಕೆ!"

ಅವನು ತಲೆ ಎತ್ತಿ ಅವಳನ್ನು ನೋಡಿದ.

"ಹಾಗಾದ್ರೆ... ಆ ಹುಡುಗನಿಗೂ ಅನ್ಬಹುದಾ?"

"ಅನ್ನಿ."

"ಪಾಪ..." ಎಂದ ರಘುಪತಿ. ಏಳು ವರ್ಷ ತಡೆಹಿಡಿದ ಅಳು ಅವನಿಗೆ ಈಗ ಬಂತು. ಮುಕ್ತಾ ಅವನ ಕೈ ಹಿಡಿದುಕೊಂಡಳು. ಬಿಡಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

"ಷೋರೂಮಿಗೆ ಹೋಗ್ಲಾ?" ಎಂದು ಮೆಲ್ಲಗೆ ಕೇಳಿದಳು.

"ಬೇಡ... ಎಲ್ಲಿಗೂ ಹೋಗ್ಬೇಡಿ. ನಂದು ಕನ್ನಡ ಅಷ್ಟಕ್ಕಷ್ಟೇ, ಮುಕ್ತಾ. ನಿಮ್ಮ ತಂದೆಯವರ ಹತ್ರ ಹೇಗೆ ಕೇಳ್ಬೇಕು?"

ಅವಳ ಕೆನ್ನೆ ಕೆಂಪಾಯಿತು.

"ನಿಮಗೆ ಬಂದ ಹಾಗೆ ಕೇಳಿ... ಅವರು ಇಲ್ಲ ಅನ್ನದ ಹಾಗೆ ನಾನು ನೋಡ್ಕೋತೀನಿ!"