ಡಾಕ್ಟರಮ್ಮ ಬರೆಯದ ಚೀಟಿ

"ರಜೆ ಬೇಡ ಮೇಡಂ! ನಾನು ಚೆನ್ನಾಗಿದೀನಿ ಅಂತ ಒಂದು ಚೀಟಿ ಬರ್ದುಕೊಡಿ, ಸಾಕು!"

ಡಾಕ್ಟರಮ್ಮ ತಲೆಯೆತ್ತಿದಳು. ಇಲ್ಲದ ಹೊಟ್ಟೆನೋವು ಹೊತ್ತು ತಂದು ರಜೆ ಕೇಳುವವರನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಇವನೊಬ್ಬ ಉಲ್ಟಾ ಗಿರಾಕಿ! ಶಾಲೆಯ ಬಸ್ ಓಡಿಸುವವನು. ಕಿವಿಯ ಸೋಂಕಿನಿಂದ ತಲೆ ತಿರುಗಿ ನಿಂತಲ್ಲೇ ತೂಗಾಡುತ್ತಿದ್ದ.

"ಕುರ್ಚಿ ಬಿಟ್ಟು ನಿಲ್ಲಿ, ನೋಡೋಣ."

ಬಿಟ್ಟ. ಮರುಕ್ಷಣವೇ ಅವಳ ಭುಜ ಹಿಡಿದ!

"ಒಂದು ವಾರ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ," ಎಂದು ರಜೆ ಬರೆದೇಬಿಟ್ಟಳು.

"ಕೆಲಸ ಹೋದ್ರೆ ನೀವು ಕೊಡಿಸ್ತೀರಾ?"

"ಬಸ್ಸಲ್ಲಿ ಮಕ್ಕಳಿರ್ತಾರೆ ಕಣ್ರೀ!"

ಅವನು ಚೀಟಿಯನ್ನು ಜೇಬಿಗೆ ತುರುಕಿ ಹೊರಟುಹೋದ.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅವನ ಕೆಲಸ ಹೋಯಿತೇ? ಎಲ್ಲಾದರೂ ತಲೆ ತಿರುಗಿ ಬಿದ್ದನೇ? ಊರಿಗೆಲ್ಲ ಬರೆಯುವ ಚೀಟಿ ತಾನೇ… ಇದೊಂದೇ ಯಾಕೆ ಹೀಗೆ ಕೊರೆಯುತ್ತಿದೆ! ಹಾರ್ನ್ ಕೇಳಿದರೆ ಸಾಕು, ರೋಗಿಯ ಕೈ ಬಿಟ್ಟು ಕಿಟಕಿಗೆ ಓಡುತ್ತಿದ್ದಳು.

"ಮೊದ್ಲು ನಿಮಗೊಂದು ರಜೆ ಬರೀಬೇಕು," ಎಂದು ನರ್ಸಕ್ಕ ನಕ್ಕಳು.

ಒಂದು ಸಂಜೆ ಕಿಟಕಿಯಿಂದ ನೋಡುತ್ತಾಳೆ… ಶಾಲೆ ಬಸ್ಸಿನ ಸ್ಟೀರಿಂಗ್ ಹಿಂದೆ ಅವನೇ! ಅದೇ ಗುಂಗುರು ಕೂದಲು, ಅದೇ ಮೂಗು!

ಬೀದಿಗೆ ಓಡಿ ಬಸ್ಸಿಗೆ ಅಡ್ಡ ನಿಂತಳು.

"ಇಳೀರಿ ಕೆಳಗೆ! ನಿಮಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?"

ಚಾಲಕ ಕಕ್ಕಾಬಿಕ್ಕಿಯಾದ. "ಡಾಕ್ಟ್ರೇ, ನಾನು ಅವನಲ್ಲ, ಅವನ ಅಣ್ಣ. ಅವನ ಕೆಲಸ ಉಳೀಲಿ ಅಂತ ನನ್ನ ಲಾರಿ ನಿಲ್ಸಿ ಬಂದಿದೀನಿ. ದಾರಿ ಹೇಳೋಕೆ ಅವನು ಹಿಂದೇನೇ ಕೂತಿದಾನೆ…"

ಹಿಂದಿನಿಂದ ಅವನು ಮೆಲ್ಲಗೆ ಎದ್ದು ನಿಂತ. ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಭೂಮಿ ಬಾಯಿಬಿಡಬಾರದೇ ಎನ್ನಿಸಿ ಅವಳು ಓಡಿಹೋದಳು.

ವಾರ ಮುಗಿದ ಮೇಲೆ ಅವನು ಬಂದ. ಯಾರನ್ನೂ ಹಿಡಿಯದೆ ನೆಟ್ಟಗೆ ನಡೆದು ತೋರಿಸಿದ.

"ಈಗಲಾದ್ರೂ ಚೆನ್ನಾಗಿದೀನಿ ಅಂತ ಬರ್ದುಕೊಡಿ."

ಬರೆದುಕೊಟ್ಟರೆ ಇವನು ಮತ್ತೆ ಯಾಕೆ ಬರುತ್ತಾನೆ? ಅವಳು ಪೆನ್ನು ಕೆಳಗಿಟ್ಟಳು.

"ನಾನು ಬರೆಯೋ ಹಾಗಿಲ್ಲ. ಪಕ್ಕದ ಕೋಣೇಲಿ ದೊಡ್ಡ ಡಾಕ್ಟ್ರಿದಾರೆ, ಅವರನ್ನ ಕೇಳಿ."

ಅವನ ಮುಖ ಬಾಡಿತು. "ಇನ್ನೂ ಕೋಪಾನಾ?"

"ನಮ್ಮವರಿಗೆ ನಾವೇ ಸರ್ಟಿಫಿಕೇಟ್ ಬರೀಬಾರ್ದು ರೀ… ತಪ್ಪಾಗುತ್ತೆ."

ಬಾಗಿಲತ್ತ ಹೊರಟವನು ಗಕ್ಕನೆ ತಿರುಗಿದ.

"ನಾನು… ನಿಮ್ಮವನಾ?"

"ಆಗ್ತೀರಾ ಅಂತ ಕೇಳ್ತಾ ಇದೀನಿ."

ಅವನ ಕಣ್ಣು ತುಂಬಿತು, ತುಟಿ ನಕ್ಕಿತು.

"ಹಾಗಾದ್ರೆ ದೊಡ್ಡ ಡಾಕ್ಟ್ರ ಹತ್ರಾನೇ ಬರೆಸ್ಕೋತೀನಿ," ಎಂದ. "ಜೀವನಪೂರ್ತಿ!"