ಹನ್ನೆರಡು ಜನ ನಂಬಿದ ಮಾತು

ತನ್ನ ಪರ ಸಾಕ್ಷಿಕಟ್ಟೆ ಹತ್ತಿದ ಡಾಕ್ಟರ್ ಲೇಲಂಡ್ ಒಮ್ಮೆಯಾದರೂ ತನ್ನ ಕಡೆ ನೋಡಲಿಲ್ಲವಲ್ಲ ಎಂಬುದೇ ಕೊರಿನ್‌ಗೆ ಮೊದಲು ಚುಚ್ಚಿದ್ದು.

ಎರಡು ವರ್ಷ ಅದೇ ಕಣ್ಣು ಅವಳ ಬೆನ್ನ ಹಿಂದೆ ತಿರುಗಿತ್ತು. ಆಸ್ಪತ್ರೆಯ ಊಟದ ಕೋಣೆಯಲ್ಲಿ ಅವಳ ಆಪಲ್ ಪೈಯ ಗರಿಗರಿ ಅಂಚನ್ನು ಮುರಿದುಕೊಂಡು, "ಇದು ನಿಂಗೆ ಒಳ್ಳೇದಲ್ಲ, ಡಾಕ್ಟರ್ ಹೇಳ್ತಿದೀನಿ" ಎನ್ನುತ್ತಿದ್ದ.

"ನಂಗೆ ಆಗದೇ ಇರೋದೆಲ್ಲ ನಿಮ್ಮ ಹೊಟ್ಟೆಗೇ ಬೇಕಾ ಡಾಕ್ಟ್ರೇ?" ಎಂದು ಅವಳು ಚಮಚದಿಂದ ಅವನ ಬೆರಳಿಗೆ ಹೊಡೆಯುತ್ತಿದ್ದಳು. ಬೆರಳು ಅಲ್ಲೇ ಉಳಿಯುತ್ತಿತ್ತು. ಪ್ರೀತಿ ಎಂಬ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಈಗ ಅವಳ ಮೇಲೆ ಕೊಲೆಯ ಆಪಾದನೆ. ಒಂದು ಕಾಲಕ್ಕೆ ಇಡೀ ಮಿನೆಸೋಟ ರಾಜ್ಯವೇ ತಲೆಮೇಲೆ ಹೊತ್ತು ಮೆರೆಸಿದ ಐಸ್ ಹಾಕಿ ಆಟಗಾರ ಮುಪ್ಪಾಗಿ, ಕಿಡ್ನಿ ಕೆಟ್ಟು, ಅವಳ ಪಾಳಿಯಲ್ಲಿ ಸತ್ತ. ರಕ್ತದಲ್ಲಿ ಸಕ್ಕರೆ ತಳ ಕಂಡಿತ್ತು. ನರ್ಸು ಇನ್ಸುಲಿನ್ ಚುಚ್ಚಿ ಕೊಂದಳೆಂದು ಟೀವಿಯವರು ಆಗಲೇ ತೀರ್ಪು ಕೊಟ್ಟಾಗಿತ್ತು. ನಿಜವಾದ ತೀರ್ಪು ಕೊಡಬೇಕಾದ ಜೂರಿ ಹನ್ನೆರಡು ಜನ. ಹಸು ಸಾಕುವವರು, ಅಂಗಡಿಯವರು, ಶಾಲೆಯ ಬಸ್ಸು ಓಡಿಸುವ ವರ್ನಾ.

ಸರ್ಕಾರದ ಕಡೆಯ ದೊಡ್ಡ ಡಾಕ್ಟರು ರಕ್ತಪರೀಕ್ಷೆಯ ನಕ್ಷೆ ತೋರಿಸಿ, ಇನ್ಸುಲಿನ್ನು ಹೊರಗಿನಿಂದ ಚುಚ್ಚಿದ್ದೇ ಎಂದು ಮೂರು ತಾಸು ಹೇಳಿದ್ದರು. ಜೂರಿಯಲ್ಲಿ ಇಬ್ಬರು ತೂಕಡಿಸಿದ್ದರು.

ಲೇಲಂಡ್ ನಕ್ಷೆ ಮುಟ್ಟಲಿಲ್ಲ. "ಕೆಟ್ಟ ಕಿಡ್ನಿ ಅಂದ್ರೆ ಕಟ್ಟಿಕೊಂಡ ಚರಂಡಿ. ಮೈಯೊಳಗಿನ ಇನ್ಸುಲಿನ್ನು ಅಲ್ಲೇ ನಿಲ್ಲುತ್ತೆ, ಸಕ್ಕರೆ ತಾನಾಗೇ ಇಳಿಯುತ್ತೆ. ಯಾರೂ ಚುಚ್ಚಬೇಕಾಗಿಲ್ಲ."

ಹನ್ನೆರಡು ತಲೆ ಒಪ್ಪಿ ಅಲ್ಲಾಡಿದವು.

ಸರ್ಕಾರಿ ವಕೀಲ ಎದ್ದ. "ಇಬ್ರೂ ಒಂದೇ ತಟ್ಟೇಲಿ ಪೈ ತಿಂತಿದ್ರಂತೆ. ಈಕೆ ಮೇಲೆ ಪ್ರೀತೀನಾ ಡಾಕ್ಟರ್?"

"ಇಲ್ಲ."

"ಚೂರೂ?"

"ಒಳ್ಳೇ ನರ್ಸು. ಅಷ್ಟೇ."

ಚರಂಡಿಯ ಮಾತಾಡಿದ ದನಿಯಲ್ಲೇ ಹೇಳಿದ. ಹೌದೆಂದಿದ್ದರೆ ಅವನ ಸಾಕ್ಷಿ ಬಿದ್ದುಹೋಗಿ ತನಗೆ ಎಷ್ಟೋ ವರ್ಷ ಜೈಲೇ ಎಂದು ಕೊರಿನ್‌ಗೆ ಗೊತ್ತಿತ್ತು. ಗೊತ್ತಿದ್ದೂ ಎದೆ ಕೇಳಬೇಕಲ್ಲ.

ಮಾರನೆಯ ಮಧ್ಯಾಹ್ನ ತೀರ್ಪು ಬಂತು. ನಿರ್ದೋಷಿ.

ಕೋರ್ಟಿನ ಹಿಂಬಾಗಿಲಲ್ಲಿ ವರ್ನಾ ಅವಳನ್ನು ತಬ್ಬಿಕೊಂಡಳು. "ಆ ರಕ್ತದ ವಿಚಾರ ನಮ್ಗೊಂದೂ ತಿಳೀಲಿಲ್ಲ ಕಣಮ್ಮ. ಆ ಡಾಕ್ಟ್ರು ನಿನ್ನ ಮುಖಾನೇ ನೋಡ್ಲಿಲ್ಲ ನೋಡು, ಸುಳ್ಳು ಹೇಳೋನಲ್ಲ ಅಂದ್ಕೊಂಡ್ವಿ."

ಹಿಂದಿನ ಅಂಗಳದಲ್ಲಿ ಲೇಲಂಡ್ ಕಾರಿನ ಬಾಗಿಲು ತೆಗೆದು ನಿಂತಿದ್ದ. ಈಗ ನೋಡಿದ, ಕಣ್ಣು ತುಂಬ.

"ಸುಳ್ಳು ಹೇಳ್ದೆ ಕೊರಿನ್. ನಿನ್ನ ಬಿಟ್ಟು ನಂಗೆ ಬದುಕಿಲ್ಲ."

"ಅಬ್ಬಾ, ಎಂಥಾ ಕಳ್ಳ! ಒಳ್ಳೇ ನರ್ಸಂತೆ, ಅಷ್ಟೇ ಅಂತೆ!" ಅವಳು ಅಳುತ್ತಲೇ ನಕ್ಕು ಅವನ ಕೋಟಿನೊಳಗೆ ಮುಖ ಹುದುಗಿಸಿದಳು. ಅವನ ತುಟಿ ಅವಳ ಬೈತಲೆಗೆ ತಾಗಿತು.

"ನೀನೇನೇ ಮಾಡಿರು, ನಾನು ಪ್ರೀತಿಸ್ತೀನಿ."

ಕೊರಿನ್ ತಲೆ ಎತ್ತಿದಳು. "ಏನೇ ಮಾಡಿರು ಅಂದ್ರೆ?"

"ಬಿಡು. ಮುಗೀತಲ್ಲ."

"ಕಿಡ್ನಿ ಮಾತು?"

ಅವನು ಅವಳ ಶಾಲು ಸರಿಮಾಡಿದ. "ಹಾಗೂ ಆಗಬಹುದು. ಆದ್ರೆ ನಂಗೆ ಆ ದೊಡ್ಡ ಡಾಕ್ಟರು ಹೇಳಿದ್ದೇ ಸರಿ ಅನ್ನಿಸ್ತು. ಮುದುಕ ನರಳ್ತಿದ್ದ, ನಿನ್ನ ಕೈಲಿ ನೋಡಕ್ಕಾಗ್ಲಿಲ್ಲ. ನಂಗೆ ಅರ್ಥ ಆಗುತ್ತೆ ಚಿನ್ನ."

"ನಾನು ಸೂಜೀನೇ ಮುಟ್ಟಿಲ್ಲ, ಲೇಲಂಡ್."

"ಇನ್ನು ನನ್ನ ಹತ್ರಾನೂ ಯಾಕೆ ಮುಚ್ಚಿಡ್ತೀಯ?" ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದ. "ನಾನು ಯಾವಾಗ್ಲೋ ಕ್ಷಮಿಸಿಬಿಟ್ಟೆ."

ಅವನ ಕಣ್ಣಲ್ಲಿ ಪ್ರೀತಿಯೇ ಇತ್ತು. ಅದರಲ್ಲಿ ಸುಳ್ಳಿರಲಿಲ್ಲ. ಇನ್ನು ಮೇಲೆ ದಿನಾ ಬೆಳಗ್ಗೆ ಎದ್ದು ಆ ಕಣ್ಣು ನೋಡಬೇಕು, ಮಾಡದ ಕೊಲೆಗೆ ದಿನಾ ಕ್ಷಮೆ ಉಣ್ಣಬೇಕು.

"ಜೈಲಿಗಾದ್ರೆ ಬಿಡುಗಡೆ ದಿನ ಅಂತ ಒಂದಿರುತ್ತೆ" ಎಂದು ಅವಳು ಅವನ ಕೈಯನ್ನು ಶಾಲಿನಿಂದ ಬಿಡಿಸಿದಳು.

"ಆ ಕಡೆ ಹೋಗ್ಬೇಡ! ಜನ ನಿಂತಿದಾರೆ!"

ಅವಳು ಹೋದಳು. ಮುಂಬಾಗಿಲ ಬೀದಿಯಲ್ಲಿ ಸತ್ತವನ ಅಭಿಮಾನಿಗಳು ಕೊಲೆಗಾತಿ ಎಂದು ಕೂಗಿ ಹಿಮದ ಉಂಡೆ ಎಸೆಯುತ್ತಿದ್ದರು. ಒಂದು ಕೆನ್ನೆಗೆ ಬಡಿಯಿತು. ಕೊರಿನ್ ಒರೆಸಿಕೊಳ್ಳದೆ ಅವರ ನಡುವೆಯೇ ನಡೆದಳು. ಅವರಲ್ಲಿ ಒಬ್ಬರೂ ಅವಳನ್ನು ಕ್ಷಮಿಸಲು ಬಂದವರಲ್ಲ.